ಚಿಕ್ಕಪ್ಪನ ಭಾಗಾಕಾರ

ದೂರವನ್ನು ವೇಗದಿಂದ ಭಾಗಿಸಿದರೆ ಸಮಯ. ಗಣಿತದ ಮೇಷ್ಟರಾಗಿ ನಿವೃತ್ತರಾದ ನಮ್ಮ ಚಿಕ್ಕಪ್ಪನಿಗೆ ಇದು ವೇದವಾಕ್ಯ. ಮನೆಯವರು ಯಾರೇ ವಿಮಾನ ಹತ್ತಲಿ, ಅವರು ಪೆನ್ಸಿಲ್ ಚೂಪು ಮಾಡಿಕೊಂಡು ಕೂರುತ್ತಾರೆ. ವಿಮಾನದ ವೇಗ ಗಂಟೆಗೆ 900 ಕಿಲೋಮೀಟರ್, ಅದರಲ್ಲಿ ರಾಜಿಯಿಲ್ಲ.

ಅಣ್ಣ ಲಂಡನ್ನಿನಿಂದ ನ್ಯೂಯಾರ್ಕಿಗೆ ಹೊರಟಾಗ, ದೂರ 5,500 ಕಿಲೋಮೀಟರಿಗಿಂತ ತುಸು ಹೆಚ್ಚು, ಆದ್ದರಿಂದ ಆರು ಗಂಟೆ ಹತ್ತು ನಿಮಿಷ ಎಂದು ತೀರ್ಪಿತ್ತರು. ಪ್ರಯಾಣ ಎಂಟು ಗಂಟೆಯ ಹತ್ತಿರ ಹೋಯಿತು. ನಡುವಿನ ಆ ಹೊತ್ತಿನಲ್ಲಿ ಚಿಕ್ಕಪ್ಪ ಯಾರ್‍ಯಾರಿಗೆ ಫೋನು ಮಾಡಿದರೆಂಬುದನ್ನು ಬರೆದರೆ ಮನೆತನದ ಮಾನ ಹೋಗುತ್ತದೆ. ಅಣ್ಣ ಇಳಿದ ಕೂಡಲೇ ಕೇಳಿದ ಮೊದಲ ಪ್ರಶ್ನೆ: "ದಾರಿಯಲ್ಲಿ ಎಲ್ಲಿ ನಿಲ್ಲಿಸಿದ್ದರೋ?"

ವಿಮಾನ ರನ್‌ವೇ ತನಕ ತೆವಳುವುದು, ಸರದಿಗಾಗಿ ಕಾಯುವುದು, ಇಳಿದ ಮೇಲೆ ಬಾಗಿಲು ಹುಡುಕುವುದು ಎಲ್ಲವೂ ಟಿಕೆಟ್ಟಿನ ಸಮಯದೊಳಗೇ ಸೇರಿವೆ ಎಂದು ತಿಳಿಸಿ ಹೇಳಿದೆವು. ಒಪ್ಪಿದರು. ಆದರೆ ಅಣ್ಣ ವಾಪಸು ಬರುವಾಗ ಏಳು ಗಂಟೆಯೂ ಹಿಡಿಯಲಿಲ್ಲ! ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾಗಿ ಬೀಸುವ ಜೆಟ್ ಸ್ಟ್ರೀಮ್ ಎಂಬ ಗಾಳಿ ಹೋಗುವಾಗ ಎದೆಗೆ ಹೊಡೆಯುತ್ತದೆ, ಬರುವಾಗ ಬೆನ್ನು ತಳ್ಳುತ್ತದೆ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಕೃಪೆಯಿಂದ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಗಳಲ್ಲಿ ತಲುಪಿತ್ತು ಎಂದೆ. "ಅದು ಗಾಳಿಯ ಸಾಧನೆ. ವಿಮಾನಕ್ಕೆ ಅಂಕ ಕೊಡಲು ಬರುವುದಿಲ್ಲ" ಎಂದರು. ವಿದ್ಯಾರ್ಥಿಗಳು ಇವರಿಗೆ ಏಕೆ ಹೆದರುತ್ತಿದ್ದರೆಂದು ಆಗ ತಿಳಿಯಿತು.

ಟೋಕಿಯೊದಿಂದ ನ್ಯೂಯಾರ್ಕಿಗೆ ಹೊರಟ ವಿಮಾನ ಅಲಾಸ್ಕದ ಕಡೆ ತಿರುಗಿದ್ದನ್ನು ಮೊಬೈಲಿನಲ್ಲಿ ಕಂಡು ಪೈಲಟ್ ದಾರಿ ತಪ್ಪಿದನೆಂದು ಘೋಷಿಸಿದ್ದೂ ಉಂಟು. ಭೂಮಿ ಗುಂಡಗಿರುವುದರಿಂದ ಅದೇ ಹತ್ತಿರದ ದಾರಿ ಎಂದು ಭೂಗೋಳದ ಮೇಲೆ ದಾರ ಎಳೆದು ತೋರಿಸಿದಾಗ, ದಾರವೂ ಅಲಾಸ್ಕದ ಕಡೆಗೇ ಬಾಗಿತು. ಚಿಕ್ಕಪ್ಪ ದಾರವನ್ನೇ ಅನುಮಾನಿಸಿದರು.

ಆದರೆ ಅವರ ಪೆನ್ಸಿಲ್ ನಿಜಕ್ಕೂ ಮುರಿದದ್ದು ತಂಗಿಯ ಟಿಕೆಟ್ ನೋಡಿದಾಗ. ನ್ಯೂಜಿಲೆಂಡಿನ ಆಕ್ಲೆಂಡಿನಿಂದ ಮಂಗಳವಾರ ಸಂಜೆ ಏಳೂವರೆಗೆ ಹೊರಟು, ಹನ್ನೆರಡು ಗಂಟೆ ಹಾರಿ, ಲಾಸ್ ಏಂಜಲೀಸ್ ಸೇರುವುದು ಅದೇ ಮಂಗಳವಾರ ಮಧ್ಯಾಹ್ನ! ಪೆಸಿಫಿಕ್ ಸಾಗರದ ನಡುವಿನ ದಿನಾಂಕ ರೇಖೆಯ ಮಹಿಮೆ: ಪೂರ್ವಕ್ಕೆ ದಾಟಿದರೆ ಕ್ಯಾಲೆಂಡರ್ ಒಂದು ದಿನ ಹಿಂದಕ್ಕೆ, ಪಶ್ಚಿಮಕ್ಕೆ ದಾಟಿದರೆ ಒಂದು ದಿನ ಮುಂದಕ್ಕೆ. ಉತ್ತರ ಋಣಸಂಖ್ಯೆಯಲ್ಲಿ ಬಂದದ್ದರಿಂದ ಚಿಕ್ಕಪ್ಪ ಕಂಗಾಲಾದರು. "ಹೊರಡುವ ಮೊದಲೇ ತಲುಪುವವಳನ್ನು ಬೀಳ್ಕೊಡುವುದು ಹೇಗೆ?"

ವಾಪಸು ಬರುವಾಗ ಸಾಲ ತೀರಿಸಬೇಕಾಯಿತು. ಮಂಗಳವಾರ ರಾತ್ರಿ ಹತ್ತಕ್ಕೆ ಹೊರಟವಳು ಇಳಿದದ್ದು ಗುರುವಾರ ಬೆಳಗ್ಗೆ. ಬುಧವಾರ ಅವಳ ಹುಟ್ಟುಹಬ್ಬ. ಬೆಳಿಗ್ಗೆಯಿಂದ ಫೋನಿಗೆ ಪ್ರಯತ್ನಿಸಿ ಸೋತ ಚಿಕ್ಕಪ್ಪ, ಹುಟ್ಟುಹಬ್ಬವನ್ನೇ ನುಂಗಿದ ವಿಮಾನ ಸಂಸ್ಥೆಗೆ ದೂರು ಬರೆಯಲು ಕುಳಿತರು.

ಅಷ್ಟು ಹೊತ್ತು ಸುಮ್ಮನಿದ್ದ ಚಿಕ್ಕಮ್ಮ ಕೇಳಿದರು: "ದೂರು ಆಮೇಲೆ ಬರೆಯಿರಿ. ವಯಸ್ಸೂ ಏರುವುದಿಲ್ಲ ತಾನೆ? ಹಾಗಿದ್ದರೆ ನನ್ನ ಹುಟ್ಟುಹಬ್ಬದ ಹಿಂದಿನ ರಾತ್ರಿಗೆ ಅದೇ ವಿಮಾನದಲ್ಲಿ ಒಂದು ಸೀಟು ನೋಡಿ. ಪ್ರತಿ ವರ್ಷಕ್ಕೂ."