ಕೆಳಗಿನ ಗದ್ಯಭಾಗವನ್ನು ಓದಿ

ಏಳನೇ ಕ್ಲಾಸಿನಲ್ಲಿರುವ ಅಕ್ಕನ ಮಗ ಯುಎಸ್‌ಎಸ್ ಎಂಬ ಸ್ಕಾಲರ್‌ಶಿಪ್ ಪರೀಕ್ಷೆಗೆಂದು ಜಗಲಿಯಲ್ಲಿ ಕೂತು ಅಭ್ಯಾಸದ ಹಾಳೆ ಬಿಡಿಸುತ್ತಿದ್ದ. ‘ಕೆಳಗಿನ ಗದ್ಯಭಾಗವನ್ನು ಓದಿ ಉತ್ತರಿಸಿ.’ ಅವನು ಓದಲಿಲ್ಲ. ಸೀದಾ ಪ್ರಶ್ನೆಗೆ ಹೋದ, ಅಲ್ಲಿಂದ ಒಂದು ಶಬ್ದ ಹಿಡಿದುಕೊಂಡು ಗದ್ಯಕ್ಕೆ ಇಳಿದ, ಅದೇ ಶಬ್ದವಿದ್ದ ಸಾಲಿನಲ್ಲಿ ಉತ್ತರ ಹೆಕ್ಕಿದ. ಬಿದ್ದ ಅಡಿಕೆ ಹೆಕ್ಕುವವನು ತಲೆಯೆತ್ತಿ ಮರ ನೋಡುತ್ತಾನೆಯೇ?

ಬೈಯೋಣವೆಂದರೆ ನನಗೆ ಬಾಯಿಲ್ಲ. ನಾನೂ ಹೀಗೇ ಪಾಸಾದವನು. ಕನ್ನಡದ ವಿಭಕ್ತಿಗಳಂತೂ ಈ ವಿದ್ಯೆಗೆಂದೇ ಹುಟ್ಟಿದ ಹಾಗಿವೆ. ‘ಜಿಂಬಲರು ತೊಮ್ಮಟೆಯಲ್ಲಿ ಬುರುಕಿದರು’ ಎಂದಿರಲಿ. ಎಲ್ಲಿ ಬುರುಕಿದರು? ತೊಮ್ಮಟೆಯಲ್ಲಿ. ಯಾರು? ಜಿಂಬಲರು. ಎರಡಕ್ಕೆ ಎರಡು. ‘ಸೂಕ್ತ ಶೀರ್ಷಿಕೆ ಕೊಡಿ’ ಎಂದರೂ ಹೆದರಬೇಕಿಲ್ಲ: ‘ಜಿಂಬಲರ ಬುರುಕಾಟ’.

ಕಾಸರಗೋಡಿನಲ್ಲಿ ಈ ವಿದ್ಯೆ ಪರೀಕ್ಷೆಯೊಂದಿಗೆ ಮುಗಿಯುವುದೂ ಇಲ್ಲ. 1956ರಲ್ಲಿ ಊರು ಕೇರಳಕ್ಕೆ ಸೇರಿತಲ್ಲ, ನನ್ನಂಥವರಿಗೆ ಕಚೇರಿಯ ಗೋಡೆಯೇ ಗದ್ಯಭಾಗ. ಮಲಯಾಳದ ನೋಟೀಸಿನ ಮುಂದೆ ನಿಂತು ‘ತೀಯತಿ’, ಅಂದರೆ ತಾರೀಕು, ಎಂಬುದನ್ನು ಹುಡುಕುತ್ತೇನೆ, ಪಕ್ಕದ ಅಂಕಿ ನೋಡುತ್ತೇನೆ, ರೂಪಾಯಿ ಎಷ್ಟೆಂದು ನೋಡುತ್ತೇನೆ. ಎಷ್ಟು, ಯಾವಾಗ ಕಟ್ಟಬೇಕೆಂದು ಗೊತ್ತಾಯಿತು. ಯಾತಕ್ಕೆ ಎಂಬುದು ಪ್ರಶ್ನೆಯಲ್ಲೇ ಇಲ್ಲ.

ಎಡವಟ್ಟಾಗುವುದು ವಿಷಯ ಗೊತ್ತಿದ್ದಾಗ. ಅಂದಿನ ಗದ್ಯ ಅಡಿಕೆಯ ಕೊಳೆರೋಗದ್ದು, ನಮ್ಮ ಬಾಯಲ್ಲಿ ಮಹಾಳಿ. ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಸಿಂಪಡಿಸಬೇಕು, 45 ದಿನ ಕಳೆದು ಮತ್ತೊಮ್ಮೆ, ಎಂದಿತ್ತು. ಹುಡುಗ ಗಟ್ಟಿಯಾಗಿ ಓದಿದ: ‘ಎರಡನೇ ಸಿಂಪಡಣೆ ಯಾವಾಗ?’

ಅಲ್ಲೇ ಅಡಿಕೆ ಸುಲಿಯುತ್ತಿದ್ದ ನನ್ನ ಅಪ್ಪ ಕೈ ನಿಲ್ಲಿಸಿದರು. ಒಂದು ಕಿಲೋ ಮೈಲುತುತ್ತು, ಅಷ್ಟೇ ಸುಣ್ಣ, ನೂರು ಲೀಟರ್ ನೀರು ಎಂದು ನಿದ್ದೆಯಲ್ಲೂ ಹೇಳಬಲ್ಲವರು.

“ಮಳೆ ಬಿಡಬೇಡವಾ ಮಾರಾಯಾ? ಬಿಟ್ಟರೂ ಮರ ಹತ್ತುವವ ಸಿಗಬೇಡವಾ?”

“ಅಜ್ಜ, ಅದು ಎಯೋ ಬಿಯೋ ಸಿಯೋ ಡಿಯೋ?”

“ಅಂದರೆ?”

“ನಾಲ್ಕರಲ್ಲಿ ಒಂದು ಹೇಳಬೇಕು.”

ಅಪ್ಪ ಕನ್ನಡಕ ತರಿಸಿಕೊಂಡರು. ಹಾಳೆಯನ್ನು ಬೆಳಕಿಗೆ ಹಿಡಿದು ಮೊದಲ ಸಾಲಿನಿಂದ, ತುಟಿ ಅಲ್ಲಾಡಿಸುತ್ತಾ, ಓದತೊಡಗಿದರು. ಎರಡು ಕಡೆ “ಇದು ಸರಿ” ಎಂದರು, ಒಂದು ಕಡೆ “ಇವನು ತೋಟಕ್ಕೆ ಕಾಲಿಟ್ಟವನಲ್ಲ” ಎಂದರು.

ಹುಡುಗ ಅಷ್ಟರಲ್ಲಿ ‘ಬಿ’ಯ ವೃತ್ತಕ್ಕೆ ಮಸಿ ತುಂಬಿ ಆಡಲು ಹೋಗಿದ್ದ. ಅಪ್ಪ ಇನ್ನೂ ಎರಡನೇ ಪ್ಯಾರಾದಲ್ಲಿದ್ದರು.