ಏರ್ ರೈಫಲ್‌ಗೆ ಗಟ್ಟಿ ಸ್ಪ್ರಿಂಗ್ ಬೇಡ, ನುಣುಪು ಬೇಕು

ನನ್ನ ಏರ್ ರೈಫಲ್ (ಸ್ಪ್ರಿಂಗ್ ಒತ್ತಿದ ಗಾಳಿಯಿಂದ ಪುಟ್ಟ ಗುಂಡು ಹಾರಿಸುವ ಬಂದೂಕು) ವಿಷಯ ಬಂದರೆ ಊರಿನ ಗೆಳೆಯರು ಮೊದಲು ಕೇಳೋದು, "ಪವರ್ ಎಷ್ಟಿದೆ?" ಆಮೇಲೆ, "ಗಟ್ಟಿ ಸ್ಪ್ರಿಂಗ್ ಹಾಕಿದ್ಯಾ?" ಇಂಗ್ಲೆಂಡಿಗೆ ಬರುವ ಮುಂಚೆ ನಾನೂ ಇದನ್ನೇ ಕೇಳುತ್ತಿದ್ದೆ. ಇಲ್ಲಿ ಈ ಹವ್ಯಾಸದವರು ಕೇಳಿದ್ದು ಬೇರೆ. "ಗುಂಡು ಹೊಡೆದಾಗ ಸ್ಪ್ರಿಂಗ್ ಝಣ್ ಅನ್ನುತ್ತಾ? ಹತ್ತು ಸಲ ಹೊಡೆದರೆ ಹತ್ತೂ ಒಂದೇ ವೇಗದಲ್ಲಿ ಹೋಗುತ್ತಾ?" ಇದು ಸರಿಯಾದ ಪ್ರಶ್ನೆ ಅಂತ ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಇದಕ್ಕೆ ಕಾನೂನೂ ಒಂದು ಕಾರಣ. ಇಂಗ್ಲೆಂಡಿನಲ್ಲಿ ಏರ್ ರೈಫಲ್‌ನ ಶಕ್ತಿ 12 ಅಡಿ-ಪೌಂಡ್, ಅಂದರೆ ಸುಮಾರು 16 ಜೂಲ್ ಒಳಗಿದ್ದರೆ ವಯಸ್ಕರಿಗೆ ಲೈಸೆನ್ಸ್ ಬೇಕಿಲ್ಲ. ಅದನ್ನು ಮೀರಿದರೆ ನಿಜವಾದ ಬಂದೂಕಿನ ಹಾಗೆ ಪೊಲೀಸರ ಸರ್ಟಿಫಿಕೇಟ್ ಬೇಕು. ಪಕ್ಕದ ಸ್ಕಾಟ್‌ಲೆಂಡಿನಲ್ಲಿ 2016ರ ಕೊನೆಯ ದಿನದಿಂದ ಇಂಥ ಸಾದಾ ರೈಫಲ್‌ಗೂ ಲೈಸೆನ್ಸ್ ಕಡ್ಡಾಯ. ಜರ್ಮನಿಯವರು 7.5 ಜೂಲ್‌ಗೇ ಗೆರೆ ಎಳೆದಿದ್ದಾರೆ. ಭಾರತದ 2016ರ ನಿಯಮಗಳಲ್ಲಿ ಗೆರೆ ಇರುವುದು 20 ಜೂಲ್‌ಗೆ, ಜೊತೆಗೆ ನಳಿಗೆಯ ಒಳಗಾತ್ರ 0.177 ಇಂಚು ಮೀರಬಾರದು. ಶಕ್ತಿಗೆ ಮಿತಿ ಇದ್ದಾಗ ಮನುಷ್ಯನ ಗಮನ ಬೇರೆ ಕಡೆ ಹೋಗುತ್ತದೆ. ಇಲ್ಲಿ ಅದು ನುಣುಪಿನ ಕಡೆ ಹೋಗಿದೆ. ನಮ್ಮ ಕಡೆಯೂ ಹೋಗಬೇಕು ಅನ್ನೋದು ನನ್ನ ಆಸೆ.

ಈ ರೈಫಲ್ ಒಳಗೆ ಏನಾಗುತ್ತೆ ಅಂತ ಒಮ್ಮೆ ನೋಡಿ. ನಳಿಗೆ ಮಡಚಿದಾಗ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗನ್ನು ಒತ್ತಿ ಹಿಡಿಯುತ್ತದೆ. ಟ್ರಿಗರ್ ಎಳೆದರೆ ಪಿಸ್ಟನ್ ಮುಂದೆ ನುಗ್ಗುತ್ತದೆ, ಅದರ ಮುಂದಿನ ಗಾಳಿ ಒತ್ತಿ ಕಾದುಹೋಗುತ್ತದೆ, ಆ ಗಾಳಿ ಪೆಲೆಟ್ಟನ್ನು, ಅಂದರೆ ಪುಟ್ಟ ಗುಂಡನ್ನು, ತಳ್ಳುತ್ತದೆ. ಪಿಸ್ಟನ್ ಮುಂದೆ ಹೋಗುವಾಗ ರೈಫಲ್ ಹಿಂದೆ ಒದೆಯುತ್ತದೆ. ಪಿಸ್ಟನ್ ಕೊನೆಗೆ ಬಂದು ನಿಂತಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ. ಈ ಕುಲುಕಾಟ ಶುರುವಾದಾಗ ಪೆಲೆಟ್ ಇನ್ನೂ ನಳಿಗೆಯೊಳಗೇ ಇರುತ್ತದೆ! ಸಾದಾ ಬಂದೂಕಿಗೆ ಮಾಡಿದ ಸ್ಕೋಪ್ (ಗುರಿ ನೋಡುವ ದುರ್ಬೀನು) ಇದರ ಮೇಲೆ ಕೆಡುವುದೂ ಈ ಎರಡು ಕಡೆಯ ಒದೆತದಿಂದಲೇ.

ಗಟ್ಟಿ ಸ್ಪ್ರಿಂಗ್ ಹಾಕಿದರೆ ಈ ಒದೆತ ಜಾಸ್ತಿಯಾಗುತ್ತದೆ. ಶಕ್ತಿ ಅಷ್ಟೇ ಲೆಕ್ಕದಲ್ಲಿ ಏರುವುದಿಲ್ಲ. ಯಾಕೆಂದರೆ ಪಿಸ್ಟನ್ ತಳ್ಳುವ ಗಾಳಿ ಎಷ್ಟು ಅನ್ನೋದನ್ನು ಸಿಲಿಂಡರಿನ ಅಗಲ ಮತ್ತು ಪಿಸ್ಟನ್ ಓಡುವ ದೂರ ಮೊದಲೇ ತೀರ್ಮಾನಿಸಿಬಿಟ್ಟಿವೆ. ಸ್ಪ್ರಿಂಗ್ ಬದಲಿಸಿದರೆ ಅದು ಬದಲಾಗಲ್ಲ, ಅಲ್ವಾ? ನಳಿಗೆ ಮಡಚುವುದು ಕಷ್ಟವಾಗುತ್ತದೆ, ಗುರಿ ಕೆಡುತ್ತದೆ, ಗಾಳಿ ಸೋರದಂತೆ ತಡೆಯುವ ಪಿಸ್ಟನ್ನಿನ ಸೀಲ್ ಬೇಗ ಸವೆಯುತ್ತದೆ.

ನನ್ನದು ಅಗ್ಗದ ರೈಫಲ್. ಕೊಂಡ ಹೊಸದರಲ್ಲಿ ಹೊಡೆದಾಗೆಲ್ಲ ಹೊಗೆ ಬರುತ್ತಿತ್ತು, ಕೆಲವೊಮ್ಮೆ ಢಂ ಅಂತ ದೊಡ್ಡ ಸದ್ದು. ಪವರ್ ಚೆನ್ನಾಗಿದೆ ಅಂತ ಖುಷಿಪಟ್ಟಿದ್ದೆ. ಅದು ಕಾರ್ಖಾನೆಯವರು ಮೆತ್ತಿದ್ದ ಎಣ್ಣೆ ಬಿಸಿ ಗಾಳಿಗೆ ಹೊತ್ತಿಕೊಂಡು ಉರಿಯುತ್ತಿದ್ದ ಸದ್ದು. ಡೀಸೆಲ್ ಎಂಜಿನ್ ಕೆಲಸ ಮಾಡುವುದೂ ಹೀಗೇ. ರೈಫಲ್‌ಗೆ ಅದು ಒಳ್ಳೆಯದಲ್ಲ.

ಬಿಚ್ಚಿದಾಗ ಕಂಡದ್ದು ಇನ್ನೂ ಕಣ್ಣಲ್ಲಿದೆ. ಕಪ್ಪು ಗ್ರೀಸಿನ ಮುದ್ದೆಯಲ್ಲಿ ಕಬ್ಬಿಣದ ಚೂರುಗಳು ಮಿಣಮಿಣ ಅನ್ನುತ್ತಿದ್ದವು. ಸಿಲಿಂಡರಿನ ಕೆಳಬದಿಯಲ್ಲಿರುವ ಸೀಳಿನ ಅಂಚು ಬ್ಲೇಡಿನ ಹಾಗಿತ್ತು. ಸೀಲನ್ನು ಒಳಗೆ ತೂರಿಸುವಾಗಲೇ ಆ ಅಂಚು ಅದರ ಪಕ್ಕದಲ್ಲಿ ಉಗುರಿನಷ್ಟು ಕೊಯ್ದಿತ್ತು. ಗಾಳಿ ಅಲ್ಲೇ ಸೋರುತ್ತಿತ್ತು. ಸ್ಪ್ರಿಂಗನ್ನು ನೆಟ್ಟಗೆ ಹಿಡಿಯುವ ಒಳಗಿನ ಕಡ್ಡಿ, ಅಂದರೆ ಗೈಡ್, ಎಷ್ಟು ಸಡಿಲ ಅಂದರೆ ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತಿತ್ತು. ಝಣ್ ಅನ್ನೋ ಸದ್ದು ಹುಟ್ಟುತ್ತಿದ್ದದ್ದು ಅಲ್ಲಿ.

ಮಾಡಿದ್ದು ದೊಡ್ಡ ಕೆಲಸವೇನಲ್ಲ. ಸಣ್ಣ ಅರದಿಂದ ಸೀಳಿನ ಅಂಚು ಉಜ್ಜಿದೆ, ಆಮೇಲೆ ಉಪ್ಪುಕಾಗದ. ಸ್ಪ್ರಿಂಗಿನ ಎರಡೂ ತುದಿಗಳನ್ನು ಸಮತಟ್ಟು ಮಾಡಿ ಹೊಳಪಿಸಿದೆ. ಗೈಡಿಗೆ ತೆಳು ಪ್ಲಾಸ್ಟಿಕ್ ತೊಡಿಸಿ ಬಿಗಿ ಮಾಡಿದೆ. ಹೊಸ ಸೀಲ್ ಹಾಕಿ, ಅದರ ಪಕ್ಕಕ್ಕೆ ಮಾತ್ರ ಮಾಲಿಬ್ಡಿನಮ್ ಗ್ರೀಸನ್ನು ತೆಳ್ಳಗೆ ಸವರಿದೆ. ಪಿಸ್ಟನ್ನಿನ ಮುಂದೆ ಒಂದು ತೊಟ್ಟು ಎಣ್ಣೆಯೂ ಇರಬಾರದು. ಸ್ಪ್ರಿಂಗಿಗೆ ಮಾತ್ರ ಜೇನಿನಂಥ ಅಂಟು ಗ್ರೀಸ್, ಅದೂ ಸ್ವಲ್ಪ.

ಒಂದು ಮಾತು, ದಯವಿಟ್ಟು ಇದನ್ನು ಗಂಭೀರವಾಗಿ ತಗೊಳ್ಳಿ. ನಳಿಗೆ ಮಡಚದೆ ರೈಫಲ್ ಸುಮ್ನೆ ಇದ್ದಾಗಲೂ ಒಳಗಿನ ಸ್ಪ್ರಿಂಗ್ ಒತ್ತಿಕೊಂಡೇ ಇರುತ್ತದೆ. ಹಿಂದಿನ ಪಿನ್ ತೆಗೆದ ಕೂಡಲೇ ಅದು ಚಿಮ್ಮಿ ಮುಖಕ್ಕೆ ಬಡಿಯಬಹುದು. ಉದ್ದನೆಯ ಕ್ಲಾಂಪ್‌ನಲ್ಲಿ ಭದ್ರವಾಗಿ ಹಿಡಿದು ನಿಧಾನವಾಗಿ ಸಡಿಲಿಸಬೇಕು. ಇನ್ನು ಪೆಲೆಟ್ ಹಾಕುವಾಗ ಮಡಚಿದ ನಳಿಗೆಯಿಂದ ಒಂದು ಕೈ ತೆಗೆಯಲೇಬಾರದು. ಅಗ್ಗದ ರೈಫಲ್‌ನ ಟ್ರಿಗರ್ ಜಾರಿದರೆ ಬೆರಳು ಹೋಗುತ್ತದೆ. ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯಲೂಬೇಡಿ. ತಡೆಯಲು ಗಾಳಿಯ ಒತ್ತಡ ಇಲ್ಲದೆ ಪಿಸ್ಟನ್ ನೇರ ಲೋಹಕ್ಕೆ ಅಪ್ಪಳಿಸುತ್ತದೆ.

ಬಿಚ್ಚುವ ಮುಂಚೆ ವೇಗ ಅಳೆಯುವ ಯಂತ್ರದ ಮುಂದೆ ಹತ್ತು ಪೆಲೆಟ್ ಹೊಡೆದಿದ್ದೆ. ಸೆಕೆಂಡಿಗೆ ಸರಾಸರಿ 215 ಮೀಟರ್. ಆದರೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗದ ನಡುವೆ 18 ಮೀಟರ್ ಅಂತರ! ಜೋಡಿಸಿದ ಮೇಲೆ ಸರಾಸರಿ 220, ಅಂತರ ಬರೀ 5. ಅರ್ಧ ಗ್ರಾಂ ಚಿಲ್ಲರೆ ತೂಗುವ ಪೆಲೆಟ್ ಅದು. ಶಕ್ತಿ 13 ಜೂಲ್ ಕೂಡ ದಾಟಿಲ್ಲ. ಆದರೆ 25 ಮೀಟರ್ ದೂರದಲ್ಲಿ ಅಂಗೈ ಅಗಲಕ್ಕೆ ಚದುರುತ್ತಿದ್ದ ತೂತುಗಳು ಈಗ ಹೆಬ್ಬೆರಳಿನ ಅಗಲಕ್ಕೆ ಬಂದಿವೆ. ಅದರಲ್ಲಿ ಅರ್ಧ ಪಾಲು ಹಿಡಿತದ್ದು ಅಂತಲೂ ಹೇಳಬೇಕು. ಈ ರೈಫಲ್ ಗಟ್ಟಿಯಾಗಿ ಹಿಡಿದರೆ ಮುನಿಯುತ್ತದೆ. ಮುಂದಿನ ಕೈಯನ್ನು ಬಿಚ್ಚಿ, ಅಂಗೈ ಮೇಲೆ ಸುಮ್ನೆ ಮಲಗಿಸಿ, ಅದು ಹೇಗೆ ಒದೆಯುತ್ತೋ ಹಾಗೆ ಒದೆಯಲು ಬಿಡಬೇಕು.

ಊರಿನವರದ್ದೆಲ್ಲ ತಪ್ಪು, ಇಲ್ಲಿನದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಎಷ್ಟೋ ಜನ ರೈಫಲ್ ಕೊಂಚ ಸೊರಗಿದರೆ ರಿಪೇರಿಗೆ ಬೇರೆಯವರಿಗೆ ಕಳಿಸುತ್ತಾರೆ, ಇಲ್ಲವೇ ಹೊಸದು ತರುತ್ತಾರೆ. ನಮ್ಮವರಿಗೆ ಬಿಚ್ಚಿ ನೋಡುವ ಧೈರ್ಯ ಇದೆ. ನಾನು ಸ್ಕ್ರೂಡ್ರೈವರ್ ಹಿಡಿದದ್ದು ಅದೇ ಧೈರ್ಯದಿಂದ. ಬಿಚ್ಚುವ ಮುಂಚೆ ಅಳೆಯುವುದನ್ನು ಇಲ್ಲಿ ಕಲಿತೆ.

ಕಳೆದ ತಿಂಗಳು ಊರಿನ ಗೆಳೆಯನೊಬ್ಬ ಗಟ್ಟಿ ಸ್ಪ್ರಿಂಗ್ ತರಿಸಲು ಹೊರಟಿದ್ದ. "ಒಂದು ವಾರ ತಡಿ ಮಾರಾಯ. ಕ್ಲಾಂಪ್ ಹಾಕಿ ಬಿಚ್ಚು, ಸೀಳಿನ ಅಂಚಿನ ಮೇಲೆ ಹತ್ತಿ ಎಳೆದು ನೋಡು" ಅಂದೆ. ಮೊನ್ನೆ ರಾತ್ರಿ ಫೋಟೋ ಕಳಿಸಿದ. ಅಂಚಿನ ಮೂರು ಕಡೆ ಬಿಳಿ ಹತ್ತಿಯ ಎಳೆಗಳು ಸಿಕ್ಕಿಕೊಂಡು ನಿಂತಿದ್ದವು. ಕೆಳಗೆ ಬರೆದಿದ್ದ, "ಅರ ಯಾವ ಸೈಜಿಂದು ತಗೊಳ್ಳಲಿ?"