ಹೇಳಿ ಕೆಡುವ ಕಾರು

ಹಳೇ ಕಾರು ಕೆಡುವುದೇ ಇಲ್ಲ ಎಂದು ನಾನು ಜಂಬ ಕೊಚ್ಚಿಕೊಂಡರೆ ನಮ್ಮ ಮೆಕ್ಯಾನಿಕ್ ಸ್ಪಾನರ್ ಕೆಳಗಿಟ್ಟು ನಗುತ್ತಾರೆ. ಕೆಡುತ್ತದೆ, ಆದರೆ ಹೇಳಿ ಕೆಡುತ್ತದೆ. ನಮ್ಮ ಮನೆಯ ಸ್ಟೇಷನ್ ವ್ಯಾಗನ್ನನ್ನು, ಅಂದರೆ ಛಾವಣಿ ಡಿಕ್ಕಿಯ ಮೇಲೂ ಚಾಚಿಕೊಂಡಿರುವ ಉದ್ದನೆಯ ಕಾರನ್ನು, ಇಷ್ಟು ವರ್ಷ ನೆಚ್ಚಿಕೊಂಡಿರುವುದು ಈ ಒಂದು ಗುಣಕ್ಕೆ. ಬ್ರೇಕ್ ಪ್ಯಾಡು ಸವೆದರೆ ಅದರ ಅಂಚಿನಲ್ಲಿರುವ ಪುಟ್ಟ ತಗಡು ಡಿಸ್ಕಿಗೆ ಉಜ್ಜಿ ಕೀರಲು ದನಿ ತೆಗೆಯುತ್ತದೆ. ಆ ತಗಡನ್ನು ಅಲ್ಲಿ ಇಟ್ಟಿರುವುದೇ ಕಿರುಚಲಿ ಅಂತ. ಬೇರಿಂಗ್ ಹಾಳಾಗತೊಡಗಿದರೆ ಚಕ್ರದ ಕಡೆಯಿಂದ ಗುಂಯ್ ಅನ್ನುವ ಸದ್ದು, ವೇಗ ಏರಿದಂತೆ ಅದೂ ಏರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದೆ ಟಕ್ ಟಕ್ ಎಂದರೆ ಆ್ಯಕ್ಸಲ್ಲಿನ ಜಾಯಿಂಟು. ಹೊಸ ಕಾರುಗಳು ಇದರಲ್ಲಿ ಎಷ್ಟೋ ಸಂಗತಿಯನ್ನು ಒಂದು ಹಳದಿ ದೀಪದಲ್ಲಿ ಮುಗಿಸಿಬಿಡುತ್ತವೆ. ದೀಪ ಹತ್ತಿತು ಎನ್ನುವುದಷ್ಟೇ ನಮ್ಮ ಪಾಲಿಗೆ. ಏನಾಗಿದೆ ಎನ್ನುವುದು ಕಂಪ್ಯೂಟರ್ ಸಿಕ್ಕಿಸಿ ನೋಡುವವರ ಪಾಲಿಗೆ.

ಹಾಗೆಂದು ಎಲ್ಲವನ್ನೂ ಕಿವಿಗೆ ಬಿಡುವಂತಿಲ್ಲ. ಟೈಮಿಂಗ್ ಬೆಲ್ಟ್ ಮಹಾ ಮೌನಿ. ಎಂಜಿನ್ನಿನ ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ಕುಣಿಸುವ ರಬ್ಬರಿನ ಆ ಪಟ್ಟಿ ಸದ್ದಿಲ್ಲದೆ ಹಳತಾಗಿ ಸದ್ದಿಲ್ಲದೆ ಕಡಿದುಹೋಗುತ್ತದೆ. ಎಷ್ಟೋ ಎಂಜಿನ್ನುಗಳಲ್ಲಿ ಆಗ ಪಿಸ್ಟನ್ನು ಹೋಗಿ ವಾಲ್ವುಗಳಿಗೆ ಗುದ್ದಿದರೆ ಮುಗಿಯಿತು ಕಥೆ. ಅದನ್ನು ಮಾತ್ರ ಕಿಲೋಮೀಟರ್ ಬರೆದಿಟ್ಟುಕೊಂಡು, ಚೆನ್ನಾಗಿರುವಾಗಲೇ ಬದಲಾಯಿಸಬೇಕು. ಚೆನ್ನಾಗಿರುವುದನ್ನು ಬಿಚ್ಚಿ ಎಸೆಯಲು ದುಡ್ಡು ಕೊಡುವುದು ಎಂಥ ಜಿಪುಣನಿಗೂ ಕಲಿಯಬೇಕಾದ ವಿದ್ಯೆ.

ಇನ್ನು ನಮ್ಮ ಹಿಂಬಾಗಿಲು. ಅದನ್ನು ಎತ್ತಿ ಹಿಡಿಯುವ ಎರಡು ಕೊಳವೆಗಳಲ್ಲಿ ನೈಟ್ರೋಜನ್ ಅನಿಲವನ್ನು ಒತ್ತಿ ತುಂಬಿರುತ್ತಾರೆ. ವರ್ಷ ಕಳೆದಂತೆ ಅದು ಸೀಲಿನ ಸಂದಿಯಿಂದ ಚೂರು ಚೂರೇ ಸೋರುತ್ತದೆ. ಮೇಲಾಗಿ, ಚಳಿಗೆ ಅನಿಲದ ಒತ್ತಡ ಇನ್ನೂ ತಗ್ಗುತ್ತದೆ. ಹಾಗಾಗಿ ಮಧ್ಯಾಹ್ನದ ಬಿಸಿಲಿನಲ್ಲಿ ಸೆಟೆದು ನಿಲ್ಲುವ ಬಾಗಿಲು, ಬೆಳಗಿನ ಚಳಿಯಲ್ಲಿ ಯೋಚನೆ ಮಾಡುತ್ತ ಮಾಡುತ್ತ ಇಳಿದು ಬಗ್ಗಿದವರ ನೆತ್ತಿ ಮುಟ್ಟುತ್ತದೆ. ಅದಕ್ಕೆಂದೇ ಒಂದು ಕೋಲನ್ನು ಅಳತೆಗೆ ಕೊಯ್ದು, ತುದಿಗೆ ಬಟ್ಟೆ ಸುತ್ತಿ, ಸ್ಟೆಪ್ನಿಯ ಪಕ್ಕ ಇಟ್ಟಿದ್ದೇನೆ. ಹೊಸ ಕೊಳವೆ ಹಾಕಿಸುವುದು ದೊಡ್ಡ ಖರ್ಚೇನಲ್ಲ. "ಹಾಕಿಸಿ ಅಂದರೆ ಹಾಕಿಸಲ್ಲ, ಕೋಲಿಗೆ ಬಟ್ಟೆ ಬದಲಾಯಿಸ್ತೀರಿ" ಎನ್ನುತ್ತಾಳೆ ಹೆಂಡತಿ. ಮಾತು ನಿಜವೇ.

ಈ ಕಾರುಗಳ ವಂಶವೇ ಹೊರೆ ಹೊತ್ತವರದು. ಅಮೆರಿಕದಲ್ಲಿ ರೈಲಿಳಿದವರನ್ನು ಗಂಟುಮೂಟೆ ಸಮೇತ ನಿಲ್ದಾಣದಿಂದ ಹೋಟೆಲಿಗೆ ಮುಟ್ಟಿಸುತ್ತಿದ್ದ ಗಾಡಿಗಳು ಇವುಗಳ ಅಜ್ಜಂದಿರು. ಫೋರ್ಡ್ ಕಂಪನಿ 1929ರಲ್ಲಿ ಮಾಡೆಲ್ ಎ ವ್ಯಾಗನ್ ಮಾರತೊಡಗಿದಾಗಲೂ ಮೈ ಮರದ್ದೇ. ಆಗಾಗ ವಾರ್ನಿಷ್ ಬಳಿಯಬೇಕು, ಕೀಲುಗಳನ್ನು ಬಿಗಿ ಮಾಡಬೇಕು. ಮೆಕ್ಯಾನಿಕ್ಕಿನಷ್ಟೇ ಬಡಗಿಯ ಸ್ನೇಹವೂ ಬೇಕಿದ್ದ ಕಾಲ ಅದು. 1949ರಲ್ಲಿ ಪ್ಲಿಮತ್ ಕಂಪನಿ ಉಕ್ಕಿನ ಮೈಯ ಸಬರ್ಬನ್ ವ್ಯಾಗನ್ ತಂದ ಮೇಲೆ ಮರ ಹಿಂದೆ ಸರಿಯಿತು. ಸರಿಯಿತಲ್ಲ, ಆಗ ಜನಕ್ಕೆ ಮರವೇ ಬೇಕೆನ್ನಿಸಿತು! ಕಂಪನಿಗಳು ಉಕ್ಕಿನ ಬಾಗಿಲಿಗೆ ಮರದ ಚಿತ್ರವಿರುವ ಹಾಳೆ ಅಂಟಿಸಿದವು. ಫೋರ್ಡಿನ ಕಂಟ್ರಿ ಸ್ಕ್ವೈರ್ ಕಾರು 1991ರವರೆಗೂ ಆ ಹಾಳೆಯ ಮರ ಹೊತ್ತುಕೊಂಡೇ ಓಡಾಡಿತು. ನನಗಂತೂ ವೋಲ್ವೋ 240 ವ್ಯಾಗನ್ನಿನ ನಾಚಿಕೆಗೆಟ್ಟ ಚೌಕ ಆಕಾರವೇ ಪ್ರೀತಿ. 1974ರಿಂದ 1993ರವರೆಗೆ ಹೆಚ್ಚುಕಮ್ಮಿ ಅದೇ ಮೈಕಟ್ಟಿನಲ್ಲಿ ಬಂತು. ಒಳಗೆ ಜಾಗ ಬೇಕಾದರೆ ಹೊರಗೆ ಚೌಕವಾಗಿರಬೇಕು ಎಂದು ತಿಳಿದವರು ಮಾಡಿದ್ದು.

ಆದರೆ ವ್ಯಾಗನ್ನಿನ ಹಿಂಭಾಗದಲ್ಲಿ ಹಿಮ್ಮುಖವಾಗಿ ಕೂತು, ಹಿಂದೆ ಬರುವವರಿಗೆಲ್ಲ ನಾಲಿಗೆ ಚಾಚುತ್ತ ಬೆಳೆದ ಮಕ್ಕಳೇ ದೊಡ್ಡವರಾದ ಮೇಲೆ ಅದನ್ನು ಬೇಡವೆಂದರು. ಅಪ್ಪ ಅಮ್ಮ ಓಡಿಸಿದ ಕಾರು ಯಾರಿಗೆ ಬೇಕು? 1983ರ ಕೊನೆಗೆ ಕ್ರೈಸ್ಲರ್ ತಂದ ಮಿನಿವ್ಯಾನ್ ಅವರಿಗೆ ಹಿಡಿಸಿತು. ಅವರ ಮಕ್ಕಳಿಗೆ ಮಿನಿವ್ಯಾನ್ ಬೇಡವಾಗಿ ಎಸ್‌ಯುವಿ ಬಂತು. ನನ್ನ ಮಗಳೂ ಕಾಲೇಜಿನ ಗೇಟಿಗೆ ಮೊದಲಿನ ತಿರುವಿನಲ್ಲೇ "ಅಪ್ಪಾ, ಇಲ್ಲೇ ಇಳಿಸಿಬಿಡಿ" ಎನ್ನುತ್ತಾಳೆ. ಇಳಿಸುತ್ತೇನೆ. ಅವಳ ಗೆಳತಿಯರ ಮನೆಯ ಎಸ್‌ಯುವಿಗಳ ಕಡೆ ನೋಡಿದರೆ ನನಗೆ ಕಾಣುವುದು ಕಾಲಿಗೆ ಮರಗಾಲು ಕಟ್ಟಿಕೊಂಡ ವ್ಯಾಗನ್ನೇ. ಭಾರವಾದ ಸೂಟ್‌ಕೇಸನ್ನು ಅದರ ಡಿಕ್ಕಿಗೆ ಎತ್ತಿ ಹಾಕುವಷ್ಟರಲ್ಲಿ ಸೊಂಟ ಮಾತಾಡುತ್ತದೆ. ನಮ್ಮದರ ನೆಲ ತಗ್ಗು. ಪೆಟ್ಟಿಗೆಯ ಒಂದು ತುದಿ ಒರಗಿಸಿ ತಳ್ಳಿದರೆ ಸಾಕು, ತಾನೇ ಒಳಗೆ ಹೋಗುತ್ತದೆ.

ಹೀಗೆ ಒಳಗೆ ಹೋಗುತ್ತದೆ ಎನ್ನುವುದು ನಾಲ್ಕು ಜನಕ್ಕೆ ಗೊತ್ತಾದ ಮೇಲೆ ಕಾರು ನಮ್ಮದೊಬ್ಬರದೇ ಆಗಿ ಉಳಿಯುವುದಿಲ್ಲ. ಮನೆ ಬದಲಾಯಿಸುವವರು, ಹಳೇ ಬೀರು ಕೊಂಡವರು, ತೊಟ್ಟಿಲು ಸಾಗಿಸಬೇಕಾದವರು, ಎಲ್ಲರ ಫೋನೂ ಒಂದೇ ಧಾಟಿ: "ಹೇಗಿದ್ದೀರಿ, ಆರೋಗ್ಯ ತಾನೆ? ಅಂದಹಾಗೆ ಭಾನುವಾರ ಮನೇಲಿರ್ತೀರಾ?" ವಿಚಾರಿಸಿದ್ದು ಯಾರ ಆರೋಗ್ಯವನ್ನು ಎಂದು ನಾನು ಕೇಳಲು ಹೋಗುವುದಿಲ್ಲ. ಹಿಂದಿನ ಸೀಟು ಮಡಚಿ, ಹಿಂದಿನ ಟೈರುಗಳಿಗೆ ಗಾಳಿ ಸ್ವಲ್ಪ ಹೆಚ್ಚು ಹೊಡೆಸಿ ಸಿದ್ಧವಾಗುತ್ತೇನೆ. ಹಿಂದೆ ಭಾರ ಬಿದ್ದರೆ ಮೂತಿ ಮೇಲೇಳುತ್ತದೆ, ರಾತ್ರಿಯಾದರೆ ಹೆಡ್‌ಲೈಟು ಎದುರಿನವರ ಕಣ್ಣಿಗೇ. ಅದನ್ನು ತಗ್ಗಿಸಲು ಡ್ಯಾಶ್‌ಬೋರ್ಡಿನಲ್ಲಿ ಒಂದು ಪುಟ್ಟ ತಿರುಗಣೆ ಇದೆ. ಕಾರಿದ್ದವರಲ್ಲಿ ಅದನ್ನು ಮುಟ್ಟಿದವರು ಕಡಿಮೆ. ನಮ್ಮದರಲ್ಲಿ ಅದರ ಅಂಕಿಗಳೇ ಅಳಿಸಿಹೋಗಿವೆ.

ಮೊನ್ನೆ ಹಳೇ ಕಾರಿಗೆ ಬೆಲೆ ಕಟ್ಟುವ ಹುಡುಗ ಬಂದಿದ್ದ. ಹೆಂಡತಿ ಕರೆಸಿದ್ದು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲ ಕೆಳಗಿನ ತುಕ್ಕನ್ನು ಉಗುರಿನಿಂದ ಕೆರೆದು, "ಇದಕ್ಕೆ ಮಾರ್ಕೆಟ್ ಇಲ್ಲ ಸರ್, ಗುಜರಿ ರೇಟೇ" ಎಂದ. ಹಿಂಬಾಗಿಲು ಎತ್ತಿ, ಕೋಲು ಕೊಟ್ಟು ನಿಲ್ಲಿಸಿ ಒಳಗೆ ತೋರಿಸಿದೆ. ತುಸು ಹೊತ್ತು ನೋಡಿದ. ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡು, "ಸರ್, ಇದರಲ್ಲಿ ಫ್ರಿಜ್ ಹಿಡಿಸುತ್ತಾ?" ಎಂದು ಕೇಳಿದ.

ಮಲಗಿಸಿದರೆ ಹಿಡಿಸುತ್ತೆ, ಆದರೆ ಇಳಿಸಿದ ಮೇಲೆ ತಕ್ಷಣ ಸ್ವಿಚ್ ಹಾಕಬೇಡ, ಕಂಪ್ರೆಸರ್ ಎಣ್ಣೆ ಕೆಳಗಿಳಿಯುವವರೆಗೆ ಕೆಲವು ಗಂಟೆ ನಿಲ್ಲಿಸಿಡು ಎಂದೆ. ಶನಿವಾರ ಸಂಜೆ ಬರುತ್ತಾನಂತೆ.